ಮುಕ್ತಕ್ಕನ ಸೀಮೆಎಣ್ಣೆ

ನಮ್ಮೂರಿನಲ್ಲಿ ಹಾಲು ಕಾಯಿಸುವವರು ಗಡಿಯಾರ ನೋಡುವುದಿಲ್ಲ, ಹಾಲನ್ನೂ ನೋಡುವುದಿಲ್ಲ. ಸ್ಟವ್ ಹಚ್ಚಿ, ಪಾತ್ರೆ ಇಟ್ಟು, ಮುಕ್ತಕ್ಕನ ಮಾತಿಗೆ ಒಂದು ಕಿವಿ ಕೊಟ್ಟು ಬೇರೆ ಕೆಲಸಕ್ಕೆ ಹೋಗುತ್ತಾರೆ. ನೀಲಿ ಉರಿಯೊಳಗಿನಿಂದ ಮುಕ್ತಕ್ಕ ಒಂದನೆಯ ಪ್ರಶ್ನೆ ಓದುತ್ತಾರೆ, ಈ ಎಣ್ಣೆ ಯಾವ ದೇಶದ್ದು ಅಂತ. ಉತ್ತರವನ್ನೂ ಅವರೇ ಓದುತ್ತಾರೆ. ಎರಡನೆಯದು ಇದರಲ್ಲಿ ನೀರೆಷ್ಟು, ಮೂರನೆಯದು ಗಂಧಕವೆಷ್ಟು, ಹೀಗೆ ಸಾಗಿ ಹನ್ನೆರಡನೆಯದಕ್ಕೆ ಬಂದು 'ಹೌದು, ನನ್ನದೇ' ಎಂದರೋ, ಹಾಲು ಇಳಿಸುವ ಹೊತ್ತಾಯಿತು. ಅನ್ನಕ್ಕೆ ಅವರು ಮೂರು ಸಲ ಹೇಳಬೇಕು. ಕಡಲೆಗೆ ಎಂಟು ಸಲ, ಅದೂ ಮುಂಚೆಯೇ ನೆನೆಹಾಕಿದ್ದರೆ. ನೆನೆಹಾಕು ಎಂದು ಮಾತ್ರ ಯಾವ ಎಣ್ಣೆಯೂ ನೆನಪಿಸುವುದಿಲ್ಲ.

ಎಣ್ಣೆ ಯಾರ ಬಾಯಿಂದ ಊರೊಳಗೆ ಬರುತ್ತದೋ ಅವರ ದನಿಯಲ್ಲೇ ಉರಿಯುತ್ತದೆ. ರಾಜಧಾನಿಯವರು ಮಾಡಿದ ಆಮದು ನಿಯಮಗಳೂ ಅದಕ್ಕೆ ತಕ್ಕ ಹಾಗೇ ಇವೆ. ನಮ್ಮದು ಬೆಳೆಯುತ್ತಿರುವ ದೇಶ. ನಾನು ಒಂದನೇ ಕ್ಲಾಸಿನಲ್ಲಿದ್ದಾಗಲೂ ಬೆಳೆಯುತ್ತಿತ್ತು; ನನ್ನ ಬೆಳವಣಿಗೆ ಹದಿನೆಂಟಕ್ಕೆ ನಿಂತರೂ ಅದರದು ನಿಂತಿಲ್ಲ. ನೆಲದಡಿ ಒಂದು ಹನಿ ಎಣ್ಣೆಯಿಲ್ಲದ್ದರಿಂದ ಎಲ್ಲವೂ ಹಡಗಿನಲ್ಲೇ ಬರಬೇಕು. ಹಡಗು ಬಂದಾಗ ಪರವಾನಗಿ ಪಡೆದವರು ತಾವೇ ಹೋಗಿ, ಟ್ಯಾಂಕಿನ ಮುಚ್ಚಳ ತೆಗೆಸಿ, ಹೊರಗಿನ ಸದ್ದು ಒಳಗೆ ಬೀಳದಂತೆ ಕರಿ ಕಂಬಳಿ ಹೊದ್ದು, ಹನ್ನೆರಡು ಪ್ರಶ್ನೆಗಳನ್ನು ಎಣ್ಣೆಗೆ ಕೇಳಿಸಬೇಕು. ಹನ್ನೊಂದರ ಉತ್ತರ ನಮೂನೆಯಲ್ಲೇ ಬರೆದಿರುತ್ತದೆ, ಓದಿದರಾಯಿತು. ಹನ್ನೆರಡನೆಯ ಪ್ರಶ್ನೆ, ಈ ಎಣ್ಣೆಗೆ ಹೊಣೆ ನಿಂತ ದನಿ ನಿಮ್ಮದೇ ಅಂತ. ಅದರ ಮುಂದೆ ಖಾಲಿ ಗೆರೆ. ಅದನ್ನು ಬಾಯಿಬಿಟ್ಟು ಹೇಳಬೇಕು.

ಉಳಿದವೂ ಇವೆ. ಕೋಪದಲ್ಲಿರುವವರು ಮಜ್ಜಿಗೆ ಕುಡಿದು ಬರಬೇಕು ಎನ್ನುವುದು ಆರನೆಯ ನಿಯಮ. ಕೆಮ್ಮು, ಬಿಕ್ಕಳಿಕೆ ಇದ್ದವರು ಅದು ನಿಲ್ಲುವ ತನಕ ಕಾಯಬೇಕು ಎನ್ನುವುದು ಏಳನೆಯದು. ಅದು ಹುಟ್ಟಿದ್ದು ನಮ್ಮೂರಿನಿಂದಲೇ. ಹಿಂದೊಬ್ಬ ವ್ಯಾಪಾರಿ ಡೀಸೆಲ್ಲಿಗೆ ಹೇಳಿಕೆ ಕೊಡುವಾಗ ಬಿಕ್ಕಳಿಸಿಬಿಟ್ಟ. ಎಂಟು ತಿಂಗಳು ಊರಿನ ಬಸ್ಸುಗಳೆಲ್ಲ ಬಿಕ್ಕುತ್ತ ಬಿಕ್ಕುತ್ತ ಏರು ಹತ್ತಿದವು. ಹೇಳಿಕೆಯ ದಿನ ಬೆಳಗ್ಗಿನಿಂದ ಮೌನವಾಗಿರಬೇಕು ಎನ್ನುವುದು ಎಂಟನೆಯದು. ಒಬ್ಬರ ಹೇಳಿಕೆಯನ್ನು ಇನ್ನೊಬ್ಬರು ಅವರ ದನಿ ಅಣಕಿಸಿ ಕೊಡಬಾರದು ಎನ್ನುವುದು ಹದಿನಾಲ್ಕನೆಯದು. ಕೊಟ್ಟರೆ ಎಣ್ಣೆಯೆಲ್ಲ ವಾಪಸು ಹಡಗಿಗೆ, ಕೊಟ್ಟವರು ಐದು ವರ್ಷ ಬೆಂಕಿಯಿರುವ ಜಾಗದಲ್ಲಿ ಬಾಯಿ ತೆರೆಯುವಂತಿಲ್ಲ. ಪರವಾನಗಿಗೂ ಪರವಾಣಿಗೂ ಆಗಿಬರುವುದಿಲ್ಲ ಎಂದು ನಾನು ಆಫೀಸಿನಲ್ಲಿ ತಮಾಷೆ ಮಾಡುತ್ತಿದ್ದೆ. ಆಗ ತಮಾಷೆಯಾಗಿತ್ತು.

ನಾನು ವಸುಪಾಲ, ಬಂದರಿನ ಸುಂಕದ ಕಟ್ಟೆಯಲ್ಲಿ ಗುಮಾಸ್ತ, ಬಿ.ಎ. ಪಾಸು. ಬಿ.ಎ. ಎಂದರೆ ಬರಿ ಅಣಕ ಎಂದು ನಮ್ಮ ಪ್ರಿನ್ಸಿಪಾಲರೇ ಹೇಳಿದ್ದರು, ನಾನು ಅವರ ದನಿಯಲ್ಲಿ ಹಾಸ್ಟೆಲ್ಲಿಗೆ ಮೂರು ದಿನ ರಜೆ ಸಾರಿದ ಮೇಲೆ. ಮುಕ್ತಕ್ಕನ ಕಣ್ಣಿಗೆ ಪೊರೆ ಬಂದಿದ್ದರಿಂದ ಮೂರು ವರ್ಷಗಳಿಂದ ಕಂಬಳಿಯೊಳಗೆ ಅವರ ಪಕ್ಕದಲ್ಲಿ ನಾನೂ ಇರುತ್ತಿದ್ದೆ. ಕಣ್ಣು ಮಂಜಾದವರಿಗೆ ಗುಮಾಸ್ತನು ನಮೂನೆಯನ್ನು ಓದಿಕೊಡಬಹುದು ಎಂದು ಒಂಬತ್ತನೆಯ ನಿಯಮ. ನಾನು ಅವರ ಕಿವಿಯಲ್ಲಿ ಪಿಸುಗುಡುತ್ತಿದ್ದೆ, ಅವರು ಎಣ್ಣೆಗೆ ಹೇಳುತ್ತಿದ್ದರು. ನನ್ನ ಪಿಸುಮಾತೂ ಎಣ್ಣೆಗೆ ಸ್ವಲ್ಪ ಹತ್ತುತ್ತಿತ್ತು. ಅಮ್ಮ ನೆರೆಮನೆಯವರನ್ನು ಸ್ಟವ್ ಹತ್ತಿರ ಕರೆದು, "ಮುಕ್ತಕ್ಕ ಮಾತಾಡುವ ಮೊದಲು ಸರಸರ ಅಂತದಲ್ಲ, ಅದು ನನ್ನ ಮಗ," ಎಂದು ತೋರಿಸುತ್ತಿದ್ದಳು. ಅವಳ ದೃಷ್ಟಿಯಲ್ಲಿ ಸರಕಾರಿ ನೌಕರಿ ಎಂದರೆ ಅದೇ.

ಮುಕ್ತಕ್ಕ ಗಂಡ ತೀರಿಕೊಂಡ ಮೇಲೆ ಪರವಾನಗಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು ಇಪ್ಪತ್ತೆರಡು ವರ್ಷ ಊರಿಗೆ ಬೇಕಾದ ಎಣ್ಣೆಯನ್ನೆಲ್ಲ ತರಿಸಿದವರು. ಅವರ ದನಿ ಒಣ ತೆಂಗಿನಗರಿ ಎಳೆದಂತೆ ಶುರುವಾಗಿ ಕೊನೆಯಲ್ಲಿ ಬೆಲ್ಲದ ಪಾಕದಂತೆ ನೂಲು ಬಿಡುತ್ತಿತ್ತು. ಗಾಜಿನ ಗುಳ್ಳಿನ ದೀಪ ಅದನ್ನು ನಿಧಾನವಾಗಿ ಹೇಳಿ ಮಕ್ಕಳನ್ನು ಮಲಗಿಸುತ್ತಿತ್ತು. ಹೊಳೆಯಾಚೆಯ ಪಂಪು ಗಡಗಡ ಹೇಳಿ ಉಪ್ಪುನೆಲದ ನಮ್ಮೂರಿಗೆ ಕುಡಿಯುವ ನೀರು ಕಳಿಸುತ್ತಿತ್ತು.

ಆ ವರ್ಷ ಅವರು ತೀರ್ಥಯಾತ್ರೆ ಎಂದು ಹೇಳಿ ಎರಡು ತಿಂಗಳು ಊರಲ್ಲಿರಲಿಲ್ಲ. ಇತ್ತ ಎಣ್ಣೆ ಅಂಗಡಿಗಳ ಡ್ರಮ್ಮುಗಳೆಲ್ಲ ತಳ ಕಂಡಿದ್ದವು. ಹದಿನೈದು ದಿನದಿಂದ ಮನೆಮನೆಯಲ್ಲಿ ಸೌದೆ ಒಲೆಯ ಹೊಗೆ. ಸೌದೆ ಮಾತಾಡುವುದಿಲ್ಲವಾದ್ದರಿಂದ ಅನ್ನ ಒಂದು ದಿನ ಕಲ್ಲು, ಒಂದು ದಿನ ಗಂಜಿ. ಪಂಪು ದಿನಕ್ಕೆ ಒಂದೇ ಗಂಟೆ. ಅಂಥದ್ದರಲ್ಲಿ ಹಡಗು ಬಂದು ಅಳಿವೆಯ ಹೊರಗೆ ಲಂಗರು ಹಾಕಿತು, ಮತ್ತು ಮುಕ್ತಕ್ಕ ಕುತ್ತಿಗೆಗೊಂದು ಹತ್ತಿಯ ವಸ್ತ್ರ ಸುತ್ತಿಕೊಂಡು ಮರಳಿದರು. ಅದೇ ಮಧ್ಯಾಹ್ನ ನನಗೆ ಕರೆ ಬಂತು.

ಒಳಕೋಣೆಯಲ್ಲಿ ಅವರು ಬಾಗಿಲು ಹಾಕಿ ವಸ್ತ್ರ ಬಿಚ್ಚಿದರು. ಗಂಟಲಿನ ಕೆಳಗೆ ಒಂದು ತೂತು, ತೂತಿಗೆ ಬೆರಳಷ್ಟು ಉದ್ದದ ಕೊಳವೆ. ಸ್ಲೇಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: 'ಗಂಟು ತೆಗೆದರು. ಜೊತೆಗೆ ಗಂಟಲೂ ಹೋಯಿತು.'

ಶ್ಲೇಷೆ ನನ್ನ ಕಸುಬು. ಆವತ್ತು ಮೊದಲ ಸಲ ನನಗೆ ನಗು ಬರಲಿಲ್ಲ.

"ಮತ್ತೆ ಹಡಗು?" ಎಂದೆ.

'ಮೂರು ದಿನ' ಎಂದು ಬರೆದರು. ನನಗೂ ಗೊತ್ತಿತ್ತು. ಮೂರು ದಿನ ಕಳೆದರೆ ಮಳೆಗಾಲಕ್ಕೆಂದು ಬಂದರಿನ ಬಾವುಟ ಇಳಿಯುತ್ತದೆ, ಮತ್ತೆ ನಾಲ್ಕು ತಿಂಗಳು ಕಡಲು ಯಾರ ಮಾತೂ ಕೇಳುವುದಿಲ್ಲ. ದನಿ ಹೋದವರ ಪರವಾನಗಿ ಆ ಕ್ಷಣವೇ ರದ್ದು. ಹೊಸ ಪರವಾನಗಿ ರಾಜಧಾನಿಯಿಂದ ಬರುವಷ್ಟರಲ್ಲಿ ಹಡಗು ತಿರುಗಿ ಹೋಗಿ, ನಾವು ಉಪ್ಪುನೀರು ಕುಡಿಯುತ್ತಿರುತ್ತೇವೆ.

'ನೀನು ನನ್ನ ಹಾಗೆ ಮಾತಾಡ್ತೀಯಂತೆ.'

"ಅದು ಕಾಲೇಜಿನಲ್ಲಿ, ಡೇ ಫಂಕ್ಷನ್ನಿಗೆ, ಸುಮ್ಮನೆ ತಮಾಷೆಗೆ ಮುಕ್ತಕ್ಕ."

'ಮಾಡು.'

ಮಾಡಿದೆ. ಸಭೆಯಲ್ಲಿ ಚಪ್ಪಾಳೆ ಬಿದ್ದಿದ್ದ ಅಣಕವದು. ಅವರು ಕಣ್ಣು ಮುಚ್ಚಿ ಕೇಳಿ, ಸ್ಲೇಟು ಒರೆಸಿ ಬರೆದರು: 'ಇದು ನಾನಲ್ಲ. ನನ್ನನ್ನು ನೋಡಿ ನಗುವವರು.'

ಆಮೇಲೆ ಕಪಾಟಿನಿಂದ ಒಂದು ಸೀಸೆ ತೆಗೆದರು. ಕಳೆದ ಹಡಗಿನ ಸೀಮೆಎಣ್ಣೆ, ಮೇಣದಿಂದ ಬಿರಡೆ ಬಿಗಿದದ್ದು. ಪಂಪಿನ ತಳದ ಎಣ್ಣೆ ಬಿಟ್ಟರೆ ಊರಿನಲ್ಲಿ ಅವರ ದನಿ ಉಳಿದಿದ್ದು ಅಷ್ಟೇ. ಮೇಣವನ್ನು ಕತ್ತಿಯ ತುದಿಯಿಂದ ತಾವೇ ಕೆರೆದು, ಎಣ್ಣೆಯನ್ನು ಗುಳ್ಳಿನ ದೀಪಕ್ಕೆ ಹೊಯ್ದು, ಕಡ್ಡಿ ಗೀರಿ, ನನ್ನ ಮುಂದೆ ಇಟ್ಟರು.

ಎರಡು ಮಧ್ಯಾಹ್ನ ನಾನು ಆಫೀಸಿಗೆ ಹೊಟ್ಟೆನೋವೆಂದು ಹೇಳಿ ಆ ದೀಪದ ಮುಂದೆ ಕೂತೆ. ಅದು ಒಂದು ಪ್ರಶ್ನೆ ಹೇಳಿದರೆ ನಾನು ಹಿಂದೆ ಹಿಂದೆ ಹೇಳುವುದು, ಎಡವಿದರೆ ಬತ್ತಿ ಇಳಿಸಿ ಆರಿಸಿ, ಮತ್ತೆ ಹಚ್ಚಿ, ಮೊದಲಿಂದ ಶುರು. ಎಲ್ಲಿ ಉಸಿರು ಎಳೆಯುತ್ತಾರೆ, 'ಗಂಧಕ'ದ 'ಗಂ'ಗೆ ಎಷ್ಟು ಮೂಗು ಕೊಡುತ್ತಾರೆ, ಸಂಖ್ಯೆ ಬಂದಲ್ಲಿ ಯಾಕೆ ಒಂದಿಷ್ಟು ನಿಲ್ಲುತ್ತಾರೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಣ್ಣು ಬತ್ತಿಗಿಂತ ಎಣ್ಣೆಯ ಮಟ್ಟದ ಮೇಲೇ ಹೋಗುತ್ತಿತ್ತು. ನಾನು ಕಲಿತಷ್ಟೂ ಅವರು ಮುಗಿಯುತ್ತಿದ್ದರು. "ಸಾಕು ಮುಕ್ತಕ್ಕ, ಇಷ್ಟು ಉಳಿಸಿಕೊಳ್ಳಿ," ಎಂದು ಎರಡು ಸಲ ಅಂದೆ. ಅವರು ಬತ್ತಿಯನ್ನು ಇನ್ನೂ ಸ್ವಲ್ಪ ಏರಿಸಿದರು. ಎರಡನೆಯ ದಿನ ಸಂಜೆಯಾಗುವ ಮುಂಚೆ ದೀಪ ಹನ್ನೆರಡನೆಯದಕ್ಕೆ ಬಂದು, "ಹೌದು, ನನ್ನ" ಎಂದು ಅಲ್ಲಿಗೇ ನಿಂತಿತು. ಬತ್ತಿಯ ತುದಿ ಕೆಂಪಗಿದ್ದು ಕಪ್ಪಾಯಿತು. ಮುಕ್ತಕ್ಕ ಗುಳ್ಳನ್ನು ಸೆರಗಿನಿಂದ ಒರೆಸಿ ದೀಪವನ್ನು ಮೊಳೆಗೆ ತೂಗುಹಾಕಿದರು. ನಾನು ಉಳಿದರ್ಧ ಹೇಳಿದೆ, "ದೇ." ಅವರು ತಿರುಗಿ ನೋಡಿದರು.

ಹೇಳಿಕೆಯ ದಿನ ಪರೀಕ್ಷಕ ದೇಜಪ್ಪನವರು ಹಡಗಿನ ಮೇಲೆ ನಮಗಿಂತ ಮೊದಲೇ ಇದ್ದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ನಿಯಮಪುಸ್ತಕ. ಅವರ ಯಾವ ವಾಕ್ಯವೂ ಪುಸ್ತಕ ಮುಟ್ಟದೆ ಹೊರಡುವುದಿಲ್ಲ.

"ನಿಯಮ ಏನು ಹೇಳ್ತದೆ ಅಂದ್ರೆ, ಬೆಳಗ್ಗಿನಿಂದ ಮೌನ. ಮಾತಾಡ್ಲಿಲ್ಲ ಅಲ್ವಾ ಮುಕ್ತಕ್ಕ?"

ಮುಕ್ತಕ್ಕ ಇಲ್ಲವೆಂದು ತಲೆಯಾಡಿಸಿದರು. ಅಷ್ಟು ಪ್ರಾಮಾಣಿಕವಾದ ಉತ್ತರ ಆ ಡೆಕ್ಕಿನ ಮೇಲೆ ಯಾರೂ ಕೊಟ್ಟಿರಲಿಕ್ಕಿಲ್ಲ.

"ಮತ್ತೆ ಕುತ್ತಿಗೆಗೆ ಎಂತ?"

"ಥಂಡಿ ಗಾಳಿ ಸಾರ್, ದನಿ ಬೀಳಬಾರದಲ್ಲ," ಎಂದೆ ನಾನು.

"ನಿನ್ನತ್ರ ಕೇಳಿದ್ನಾ?" ಎಂದು ಅವರು ನಿಯಮದ ಪ್ರಕಾರ ಹತ್ತು ಮಾರು ದೂರ ಹೋಗಿ ನಿಂತರು.

ಕಂಬಳಿಯೊಳಗೆ ಎಣ್ಣೆಯ ಘಾಟು, ಕತ್ತಲು, ನಮೂನೆಯ ಮೇಲೆ ಸೂಜಿತೂತಿನಷ್ಟು ಬೆಳಕು. ನಾನು ಶುರು ಮಾಡಿದೆ. ಮೊದಲ ಮೂರು ಪ್ರಶ್ನೆಗಳನ್ನು ಸಾಲಿಗೆ ಬೆರಳಿಟ್ಟು ಓದಿದೆ. ನಾಲ್ಕರಿಂದ ನಾನು ನಾನಾಗಿರಲಿಲ್ಲ. ಒಣಗರಿ, ಬೆಲ್ಲದ ನೂಲು, ಸಂಖ್ಯೆಯ ಮುಂದೆ ನಿಲುಗಡೆ, ಎಲ್ಲ ತಾನಾಗಿ ಬಂತು. ಹನ್ನೊಂದು ಮುಗಿಸಿದೆ. ಹನ್ನೆರಡನೆಯ ಪ್ರಶ್ನೆಯನ್ನೂ ಓದಿದೆ. 'ಹೌದು' ಎನ್ನಲು ಬಾಯಿ ತೆರೆದೆ.

ಮುಕ್ತಕ್ಕನ ಅಂಗೈ ನನ್ನ ಬಾಯನ್ನು ಮುಚ್ಚಿತು. ಅವರು ಇನ್ನೊಂದು ಕೈಯಿಂದ ವಸ್ತ್ರ ಸರಿಸಿ, ಮುಂದೆ ಬಾಗಿ, ಕುತ್ತಿಗೆಯನ್ನು ಟ್ಯಾಂಕಿನ ಬಾಯಿಗೆ ಹಿಡಿದು, ಉದ್ದಕ್ಕೆ ಒಂದು ಉಸಿರು ಬಿಟ್ಟರು. ಹಸ್ಸ್ ಎಂದು ಹೋಗಿ ಕೊನೆಯಲ್ಲಿ ಸಣ್ಣಗೆ ಸಿಳ್ಳು ಹೊಡೆಯಿತು. ಕಂಬಳಿಯಿಂದ ಹೊರಗೆ ಬಂದಾಗ ನನ್ನ ಬೆವರು ನೋಡಿ ದೇಜಪ್ಪನವರು, "ಓದಿಕೊಡ್ಲಿಕ್ಕೆ ಇಷ್ಟು ಬೆವರುದಾ ಮಾರಾಯ," ಎಂದು ನಮೂನೆಗೆ ಮುದ್ರೆ ಒತ್ತಿದರು.

ಎಣ್ಣೆ ಊರಿಗೆ ಬರಲು ಎರಡು ದಿನ. ಆ ಎರಡು ದಿನ ನಾನು ಮುಕ್ತಕ್ಕನ ಮನೆಯ ಮುಂದೆ ಎಷ್ಟು ಸಲ ಹಾದುಹೋದೆನೋ. ಒಳಗೆ ಹೋಗಿ ಯಾಕೆ ಹೀಗೆ ಮಾಡಿದಿರಿ ಎಂದು ಕೇಳುವ ಧೈರ್ಯ ಗೇಟಿನವರೆಗೆ ಇರುತ್ತಿತ್ತು. ಮೂರನೆಯ ದಿನ ಬೆಳಗ್ಗೆ ಅಮ್ಮ ಸೌದೆ ಒಲೆಗೆ ರಜೆ ಕೊಟ್ಟು ಸ್ಟವ್ ಹಚ್ಚಿದಳು, ಹಾಲಿಟ್ಟಳು, ಅಂಗಳ ಗುಡಿಸಲು ಹೋದಳು. ಮುಕ್ತಕ್ಕ ಅಡುಗೆಮನೆಯಲ್ಲಿ ನಿರಾಳವಾಗಿ ಓದುತ್ತಿದ್ದರು. ಪಕ್ಕದ ಮನೆಯಲ್ಲೂ, ಅದರಾಚೆಯ ಮನೆಯಲ್ಲೂ. ನಾನು ಬಚ್ಚಲಲ್ಲಿ ಹಲ್ಲುಜ್ಜುವುದನ್ನು ನಿಲ್ಲಿಸಿ ಎಣಿಸಿದೆ, ಹತ್ತು, ಹನ್ನೊಂದು, ಆಮೇಲೆ ಹಸ್ಸ್. ಅಮ್ಮ 'ಹೌದು'ಗಾಗಿ ಕಾಯುತ್ತ ಗುಡಿಸುತ್ತಲೇ ಇದ್ದಳು.

ಆ ಬೆಳಗ್ಗೆ ಇಡೀ ಊರಿನ ಹಾಲು ಉಕ್ಕಿತು. ಕೇರಿಕೇರಿಯಲ್ಲಿ ಸೀದ ಹಾಲಿನ ವಾಸನೆ, ಬಾಗಿಲಿಗೆ ಬಂದು ಒಬ್ಬರನ್ನೊಬ್ಬರು "ನಿಮ್ಮದೂ?" ಎಂದು ಕೇಳುವ ಹೆಂಗಸರು. ಬೆಕ್ಕುಗಳಿಗೆ ಮಾತ್ರ ಹಬ್ಬ.

ಅಮ್ಮ ಸ್ಟವ್ ಒರೆಸುತ್ತ ನನ್ನ ಮುಖ ನೋಡದೆ ಕೇಳಿದಳು. "ಈ ಸಲ ಓದಿಕೊಡ್ಲಿಕ್ಕೆ ನೀನು ಹೋಗ್ಲಿಲ್ವಾ ಮಗಾ?"

"ಹೋಗಿದ್ದೆ."

"ಮತ್ತೆ ಆ ಸರಸರ ಇಲ್ಲ." ಬಟ್ಟೆ ಹಿಂಡಿದಳು. "ಕಿವಿಯಲ್ಲಿ ಹೇಳಿಕೊಡುವವ ಇಲ್ಲದೆ ಆ ಪೊರೆ ಕಣ್ಣಿನವರು ಗಂಧಕ ಎಷ್ಟು ಅಂತ ಹೇಗೆ ಓದಿದ್ರು?"

ನಾನು ಸೀದ ಹಾಲಿನ ಪಾತ್ರೆ ಎತ್ತಿಕೊಂಡು ಬಚ್ಚಲಿಗೆ ತಿರುಗಿದೆ. "ಬೆಂಕಿ ಹತ್ರ ಐದು ವರ್ಷ ಮಾತಾಡದೆ ಇರ್ಲಿಕ್ಕೆ ನಿನ್ನಿಂದ ಆಗ್ಲಿಕ್ಕಿಲ್ಲ," ಎಂದು ಅವಳೇ ಹೇಳಿ ಒಳಗೆ ಹೋದಳು.

ದೇಜಪ್ಪನವರ ಮನೆಯ ಹಾಲೂ ಉಕ್ಕಿತ್ತು. ಚಹಾ ಸಿಗದ ಪರೀಕ್ಷಕರು ಹತ್ತು ಗಂಟೆಗೆ ಆಫೀಸಿಗೆ ಬಂದವರೇ ಸ್ಟವ್ ಹೊರಿಸಿದರು ನನ್ನ ತಲೆಗೆ, "ನಡಿ ಮುಕ್ತಕ್ಕನಲ್ಲಿಗೆ." ಸುಂಕದವನ ಮುಂದೆ ಸುಖದುಃಖ ಹೇಳಬಾರದು ಎನ್ನುತ್ತಾರೆ. ತಲೆಯ ಮೇಲೆ ಸ್ಟವ್ ಹೊತ್ತು ಸುಂಕದವನ ಹಿಂದೆ ಹೋಗುವಾಗ ಹೇಳಬಹುದೋ ಏನೋ, ಗಾದೆಯಲ್ಲಿ ಇಲ್ಲ.

ಮುಕ್ತಕ್ಕನ ಜಗಲಿಯಲ್ಲಿ ಸ್ಟವ್ ಹಚ್ಚಿದೆವು. ಮೂವರೂ ಕೂತು ಕೇಳಿದೆವು. ಹನ್ನೊಂದು ಪ್ರಶ್ನೆ, ಹನ್ನೊಂದು ಉತ್ತರ, ಹನ್ನೆರಡಕ್ಕೆ ಹಸ್ಸ್ ಮತ್ತು ಸಿಳ್ಳು. ಉರಿ ಮತ್ತೆ ಮೊದಲಿಂದ ಶುರು ಮಾಡಿತು.

"ಮುಕ್ತಕ್ಕ, ನಿಯಮ ಏನು ಹೇಳ್ತದೆ ಅಂದ್ರೆ, ಸಂಶಯ ಬಂದ್ರೆ ಪರವಾನಗಿಯವರು ಹನ್ನೆರಡನೇ ಉತ್ತರ ಪರೀಕ್ಷಕರ ಎದುರು ಇನ್ನೊಮ್ಮೆ ಹೇಳ್ಬೇಕು. ಎರಡೂ ತಾಳೆಯಾದ್ರೆ ಸರಿ. ಇಲ್ಲದಿದ್ರೆ..." ಅವರು ನನ್ನನ್ನು ನೋಡಿದರು. "ಹೇಳಿ. ಸಂಕೋಚ ಬೇಡ."

ಮುಕ್ತಕ್ಕ ಕುತ್ತಿಗೆಯ ವಸ್ತ್ರ ಬಿಚ್ಚಿ ಮಡಚಿ ಮೊಣಕಾಲ ಮೇಲಿಟ್ಟರು. ಬೆನ್ನು ನೆಟ್ಟಗೆ ಮಾಡಿ, ದೇಜಪ್ಪನವರ ಮುಖಕ್ಕೆ ಮುಖ ಕೊಟ್ಟು, ಉಸಿರು ಬಿಟ್ಟರು. ಹಸ್ಸ್, ಕೊನೆಯಲ್ಲಿ ಸಣ್ಣ ಸಿಳ್ಳು. ಪರೀಕ್ಷಕರ ಕೈಯಲ್ಲಿದ್ದ ಪುಸ್ತಕದ ಹಾಳೆ ಒಂದು ಮಗುಚಿತು.

ಅವರು ಹಾಳೆಯನ್ನು ಬೆರಳಿನಿಂದ ಒತ್ತಿ ಸರಿಮಾಡಿದರು.

"ತಾಳೆ ಆಗ್ತದೆ," ಎಂದರು ದೇಜಪ್ಪನವರು, ಅವರ ಮಾಮೂಲು ಪೀಠಿಕೆಯಿಲ್ಲದೆ. ಆಮೇಲೆ ಎಚ್ಚರಗೊಂಡವರಂತೆ, "ಹಾಗಾದ್ರೆ ಆ ಹನ್ನೊಂದು ಯಾರದ್ದು?"

ಮುಕ್ತಕ್ಕ ಸ್ಲೇಟು ಎತ್ತಿಕೊಂಡರು. 'ಓದಿದ್ದು ಅವನು. ಹೇಳಿದ್ದು ನಾನು.'

ದೇಜಪ್ಪನವರು ಒಂಬತ್ತನೆಯ ನಿಯಮ ತೆಗೆದು ಓದಿದರು, ಹದಿನಾಲ್ಕನೆಯದು ಓದಿದರು, ಮತ್ತೆ ಒಂಬತ್ತಕ್ಕೆ ಬಂದರು. ಬೆರಳು ಎರಡು ಪುಟಗಳ ನಡುವೆ ಸಿಕ್ಕಿಕೊಂಡಿತ್ತು. ಹೊಳೆಯ ಕಡೆಯಿಂದ ಪಂಪಿನ ಗಡಗಡ ಕೇಳಿಸುತ್ತಿತ್ತು, ಮಧ್ಯೆ ಮಧ್ಯೆ ಒಂದು ಉಸಿರಿನಷ್ಟು ತಡೆದು. "ಗುಮಾಸ್ತ ಓದಿಕೊಡಬಹುದು ಅಂತ ಉಂಟು," ಎಂದರು ಕೊನೆಗೆ. "ಪಿಸುಗುಟ್ಟಬೇಕು ಅಂತ ಇಲ್ಲ. ಯಾವ ದನಿಯಲ್ಲಿ ಅಂತಲೂ ಇಲ್ಲ. ಹದಿನಾಲ್ಕರಲ್ಲಿ ಹೇಳಿಕೆ ಅಂತ ಉಂಟು, ಓದುವಿಕೆ ಅಂತ ಇಲ್ಲ. ದನಿ ಹೋದ್ರೆ ಪರವಾನಗಿ ರದ್ದು ಅಂತ ಉಂಟು, ಆದ್ರೆ ಈಗ ತಾಳೆಯಾದದ್ದು ದನಿಯೇ." ಪುಸ್ತಕ ಮುಚ್ಚಿದರು. "ರಾಜಧಾನಿಯವರು ಇದನ್ನು ಬರೆಯುವಾಗ ನಿಮ್ಮನ್ನು ನೋಡಿರ್ಲಿಲ್ಲ ಮುಕ್ತಕ್ಕ. ಇವನನ್ನೂ ನೋಡಿರ್ಲಿಲ್ಲ."

ನಾನು ಸ್ಟವ್ ಆರಿಸಲು ಬಗ್ಗಿದೆ.

"ಇರ್ಲಿ, ಮುಗೀಲಿ," ಎಂದರು. ಮುಗಿದ ಮೇಲೆ, "ಮುಂದಿನ ಹಡಗಿಗೆ ಓದುವಾಗ ನಿನ್ನದೇ ದನಿ ಇರ್ಲಿ ವಸುಪಾಲ. ನಾನು ನಮೂನೆಯಲ್ಲಿ ಓದುವವರ ಹೆಸರಿಗೆ ಒಂದು ಗೆರೆ ಹಾಕಿಸ್ತೇನೆ. ಮತ್ತೆ, ನನ್ನದನ್ನೂ ಮಾಡ್ತೀಯಂತೆ."

"ಇಲ್ಲ ಸಾರ್."

"ನಿಯಮ ಏನು ಹೇಳ್ತದೆ ಅಂದ್ರೆ," ಎಂದರು ಅವರು, ನಾನು ಅವರನ್ನು ಮಾಡುವ ಹಾಗೆಯೇ ಮೂಗೇರಿಸಿ. ನನಗಿಂತ ಚೆನ್ನಾಗಿತ್ತು.

ಅವರು ಹೋದ ಮೇಲೆ ನಾನು ಮುಕ್ತಕ್ಕನನ್ನು ಕೇಳಿಯೇಬಿಟ್ಟೆ. "ಸಿಕ್ಕಿಬಿದ್ದಿದ್ದರೆ? ನಾನೇ ಹನ್ನೆರಡೂ ಹೇಳಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ಅವರು ಬರೆಯಲು ಸಮಯ ತೆಗೆದುಕೊಂಡರು. 'ಹನ್ನೊಂದು ಎಣ್ಣೆಯ ವಿಷಯ. ಯಾರು ಹೇಳಿದರೂ ಅದೇ. ಹನ್ನೆರಡನೆಯದು ನನ್ನ ವಿಷಯ.'

ಆಮೇಲೆ ವಾರಕ್ಕೆರಡು ಸಲ ಅವರು ನಮ್ಮ ಅಡುಗೆಮನೆಗೆ ಬರತೊಡಗಿದರು. ಅಮ್ಮ ಮಣೆ ಹಾಕಿ ಸ್ಟವ್ ಹಚ್ಚುತ್ತಿದ್ದಳು, ಒಮ್ಮೊಮ್ಮೆ ಮೇಲೆ ಪಾತ್ರೆಯೇ ಇಲ್ಲದೆ. ಒಂದು ದಿನ ಏಳನೆಯ ಉತ್ತರದ ಹೊತ್ತಿಗೆ ಮುಕ್ತಕ್ಕ ಸ್ಲೇಟು ಎತ್ತಿದರು: 'ನಾನು ಇಷ್ಟು ಜಂಬದವಳಾಗಿದ್ದೆನಾ?'

"ಇದ್ದಿರಿ," ಎಂದಳು ಅಮ್ಮ ತೆಂಗಿನಕಾಯಿ ತುರಿಯುತ್ತ. "ಇವ ಸ್ವಲ್ಪ ಕಡಿಮೆಯೇ ಮಾಡಿದ್ದಾನೆ."

ಆ ಎಣ್ಣೆ ಮುಗಿಯುತ್ತ ಬಂದಾಗ ಊರಿನಲ್ಲಿ ಯಾರೂ ಹೇಳದೆ ಒಂದು ಕೆಲಸ ನಡೆಯಿತು. ಮನೆಮನೆಯಲ್ಲಿ ಒಂದೊಂದು ಸೀಸೆ ತುಂಬಿ, ಬಿರಡೆಗೆ ಮೇಣ ಹಚ್ಚಿ, ಮೇಲಿನ ನಾಗೊಂದಿಗೆಯಲ್ಲಿ ಇಟ್ಟುಕೊಂಡರು. ದೇಜಪ್ಪನವರ ಮನೆಯಲ್ಲೂ ಇತ್ತು, ನಿಯಮಪುಸ್ತಕದ ಪಕ್ಕದಲ್ಲಿ. ಮುಕ್ತಕ್ಕ ತಮ್ಮದನ್ನು ಹಳೆಯ ಸೀಸೆಗೇ ತುಂಬಿಸಿಕೊಂಡರು.

ಬಾವುಟ ಏರಿದ ಮೇಲೆ ಬಂದ ಮೊದಲ ಹಡಗಿಗೆ ನಾನು ನನ್ನ ದನಿಯಲ್ಲಿ ಓದಿದೆ. ಅಣಕಕ್ಕಿಂತ ಅದೇ ಕಷ್ಟವಾಯಿತು. ಯಾವುದನ್ನು ಹಿಡಿಯಲಿ ಎಂದು ಮೊದಲ ಪ್ರಶ್ನೆಯಲ್ಲಿ ಎರಡು ಸಲ ತಡವರಿಸಿದ್ದು ಈಗ ಊರಿನ ಪ್ರತಿ ಒಲೆಯಲ್ಲೂ ಕೇಳಿಸುತ್ತದೆ, ಬಸ್ಸುಗಳು ಸ್ಟಾಂಡಿನಿಂದ ಹೊರಡುವಾಗ ಎರಡು ಸಲ ಹಿಂದೆಮುಂದೆ ನೋಡುತ್ತವೆ. ಆ ಎಣ್ಣೆ ಮನೆಗೆ ಬಂದ ದಿನ ಅಮ್ಮ ಅನ್ನದ ಪಾತ್ರೆಯ ಮುಚ್ಚಳ ತೆಗೆದು ಒಂದು ಅಗುಳು ಹಿಸುಕಿ ನೋಡಿದಳು.

"ಇಷ್ಟು ಗಡಿಬಿಡಿ ಎಂತಕ್ಕೆ ಮಾರಾಯ? ನಿನ್ನದು ಮೂರು ಸಲ ಮುಗಿದ್ರೂ ಅಕ್ಕಿ ಇನ್ನೂ ಅಕ್ಕಿಯೇ."

ಮುಕ್ತಕ್ಕ ಮಣೆಯ ಮೇಲೆ ಕೂತಲ್ಲೇ ಭುಜ ಕುಣಿಸಿ ನಕ್ಕರು. ಅಮ್ಮ ಅನ್ನವನ್ನು ಸೌದೆ ಒಲೆಗೆ ಸಾಗಿಸಿ, ಸ್ಟವ್ ಆರಿಸಿ ಮತ್ತೆ ಹಚ್ಚಿ ಹಾಲಿಟ್ಟಳು. ನಾನು ಬಾಗಿಲಿ‌ಗೆ ಒರಗಿ ನಿಂತು ನನ್ನನ್ನೇ ಕೇಳಿಸಿಕೊಂಡೆ, ನೀರೆಷ್ಟು, ಗಂಧಕವೆಷ್ಟು, ಒಂದರ ಬಾಲ ಒಂದು ತುಳಿಯುತ್ತ. ಹನ್ನೊಂದು ಮುಗಿಯಿತು. ಪಾತ್ರೆಯಲ್ಲಿ ಹಾಲು ಇನ್ನೂ ಸುಮ್ಮನಿತ್ತು. ಉರಿಯೊಳಗಿನ ನಾನು ಹನ್ನೆರಡನೆಯ ಪ್ರಶ್ನೆ ಓದಿದೆ, ಆಮೇಲೆ ಉರಿ ಒಂದು ಕ್ಷಣ ತಗ್ಗಿತು, ಮತ್ತೆ ಮುಕ್ತಕ್ಕನ ಆ ಉಸಿರು ಬಂತು, ಉದ್ದಕ್ಕೆ, ಯಾವ ಗಡಿಬಿಡಿಯೂ ಇಲ್ಲದೆ. ಅದು ಸಿಳ್ಳಿಗೆ ತಲುಪುವಷ್ಟರಲ್ಲಿ ಹಾಲು ಕೆನೆ ಎತ್ತಿ ಅಂಚಿಗೆ ಬಂದಿತ್ತು. ಅಮ್ಮ ಸೆರಗಿನಲ್ಲಿ ಹಿಡಿದು ಪಾತ್ರೆ ಇಳಿಸಿದಳು.